ನಮ್ಮ ‘ಬೇಕು’ ಇಂಗ್ಲಿಷಿಗೆ ಹೋದಾಗ: ಮಸ್ಟ್, ಹ್ಯಾವ್ ಟು, ಶುಡ್ ಎಲ್ಲಿ ಯಾವುದು?

ಕೆಲವು ವರ್ಷಗಳ ಹಿಂದೆ ಕೆಲಸದ ಜಾಗದಲ್ಲಿ ನಾನೊಂದು ಮೇಲ್ ಕಳಿಸಿದ್ದೆ. ಮಾರನೇ ದಿನದ ಮೀಟಿಂಗ್‌ನಲ್ಲಿ ಬೇರೆ ತಂಡದ ಒಬ್ಬರಿಗೆ ಏನೂ ಕೆಲಸ ಇರಲಿಲ್ಲ. ಸುಮ್ನೆ ಯಾಕೆ ಅವರ ಅರ್ಧ ದಿನ ಹಾಳಾಗಬೇಕು ಅಂತ ಒಳ್ಳೆಯ ಮನಸ್ಸಿನಿಂದಲೇ ಬರೆದೆ: “ಯೂ ಮಸ್ಟ್ ನಾಟ್ ಕಮ್ ಟುಮಾರೋ.” ನನ್ನ ತಲೆಯಲ್ಲಿ ಇದ್ದದ್ದು ‘ನಾಳೆ ನೀವು ಬರಬೇಕಾಗಿಲ್ಲ’ ಅಂತ. ಅವರು ಓದಿಕೊಂಡದ್ದು ‘ನಾಳೆ ನೀವು ಬರಕೂಡದು’ ಅಂತ. ಸಂಜೆ ಫೋನ್ ಮಾಡಿದರು. “ನನ್ನಿಂದ ಏನಾದರೂ ತಪ್ಪಾಯಿತಾ?” ಅಂತ ಕೇಳಿದರು. ದನಿಯಲ್ಲಿ ಬೇಸರ ಇತ್ತು.

ಆ ವಾಕ್ಯದಲ್ಲಿ ಕಾಗುಣಿತ ಸರಿ ಇತ್ತು, ಪದಗಳ ಜೋಡಣೆಯೂ ಸರಿ ಇತ್ತು. ತಪ್ಪಿದ್ದು ಅರ್ಥದಲ್ಲಿ. ಇಂಥ ತಪ್ಪನ್ನು ಕಂಪ್ಯೂಟರ್ ಕೆಂಪು ಗೆರೆ ಎಳೆದು ತೋರಿಸುವುದಿಲ್ಲ. ಕೆಲಸದ ಮೇಲ್, ಬಾಡಿಗೆ ಕರಾರು, ವೀಸಾ ಅರ್ಜಿ, ಔಷಧಿಯ ಚೀಟಿ ಎಲ್ಲವೂ ಇಂಗ್ಲಿಷಿನಲ್ಲಿ ಬರುವಾಗ, ಯಾವುದು ಕಡ್ಡಾಯ, ಯಾವುದು ಸಲಹೆ, ಯಾವುದು ನಮ್ಮ ಇಷ್ಟಕ್ಕೆ ಬಿಟ್ಟದ್ದು ಅನ್ನುವುದು ಗೊತ್ತಿರಲೇಬೇಕು.

## ಒಂದೇ ‘ಬೇಕು’, ಎಷ್ಟೊಂದು ಕೆಲಸ

ಗೊಂದಲ ಶುರುವಾಗುವುದು ಇಂಗ್ಲಿಷಿನಲ್ಲಿ ಅಲ್ಲ, ನಮ್ಮ ‘ಬೇಕು’ ಅನ್ನುವ ಪದದಲ್ಲಿ. ಅದು ದುಡಿಯುವಷ್ಟು ಬೇರೆ ಪದ ದುಡಿಯುವುದು ಕಷ್ಟ. ‘ನನಗೆ ನೀರು ಬೇಕು’ ಅಂದರೆ ಆಸೆ ಅಥವಾ ಅಗತ್ಯ. ‘ನಾನೀಗ ಹೊರಡಬೇಕು’ ಅಂದರೆ ಜವಾಬ್ದಾರಿ. ‘ನೀವು ಸ್ವಲ್ಪ ರೆಸ್ಟ್ ತಗೋಬೇಕು’ ಅಂದರೆ ಸಲಹೆ. ‘ಅವರು ಇಷ್ಟೊತ್ತಿಗೆ ತಲುಪಿರಬೇಕು’ ಅಂದರೆ ಊಹೆ. ‘ತಾವು ದಯಮಾಡಿ ಬರಬೇಕು’ ಅಂದರೆ ವಿನಯದ ಕರೆ. ಹೇಳುವವರ ದನಿ ಮತ್ತು ಸಂದರ್ಭ ನೋಡಿ ನಾವು ತಾನಾಗಿಯೇ ಅರ್ಥ ಮಾಡಿಕೊಳ್ಳುತ್ತೇವೆ.

ಇಂಗ್ಲಿಷಿನಲ್ಲಿ ಈ ಕೆಲಸಗಳನ್ನು ಹಲವು ಪದಗಳು ಹಂಚಿಕೊಂಡಿವೆ. ವಾಂಟ್, ನೀಡ್, ಮಸ್ಟ್, ಹ್ಯಾವ್ ಟು, ಶುಡ್, ಆಟ್ ಟು, ಹೀಗೆ. ಶಾಲೆಯಲ್ಲಿ ‘ಮಸ್ಟ್ ಅಂದರೆ ಬೇಕು, ಶುಡ್ ಅಂದರೂ ಬೇಕು’ ಅಂತ ಒಂದೇ ಉಸಿರಿನಲ್ಲಿ ಕಲಿತುಬಿಟ್ಟಿರುತ್ತೇವೆ. ಅಲ್ಲಿಂದ ಮುಂದೆ ಬಾಯಿಗೆ ಬಂದ ಪದ ಹಾಕುತ್ತೇವೆ.

ಎರಡು ಮಾತುಗಳನ್ನು ಮೊದಲೇ ಬೇರೆ ಮಾಡಿಕೊಳ್ಳೋಣ. ಅಗತ್ಯ ಅಂದರೆ ಅದಿಲ್ಲದೆ ಕೆಲಸ ಸಾಗದು. ಗಿಡಕ್ಕೆ ನೀರು ಅಗತ್ಯ, ಅದನ್ನು ಯಾರೂ ನಿಯಮ ಮಾಡಿಲ್ಲ. ಕಡ್ಡಾಯ ಅಂದರೆ ಒಂದು ನಿಯಮವೋ, ಕೊಟ್ಟ ಮಾತೋ, ಮೇಲಿನವರ ಆದೇಶವೋ ನಮ್ಮನ್ನು ಕಟ್ಟಿಹಾಕಿದೆ. ಪರೀಕ್ಷೆಗೆ ಗುರುತಿನ ಚೀಟಿ ತರುವುದು ಕಡ್ಡಾಯ. ಎರಡಕ್ಕೂ ನಾವು ‘ಬೇಕು’ ಅಂತಲೇ ಹೇಳುತ್ತೇವೆ.

## ಮಸ್ಟ್: ಯಾರಿಗೂ ಬಗ್ಗದ ಪದ

ಮಸ್ಟ್ ಒಂದು ಸಹಾಯಕ ಕ್ರಿಯಾಪದ. ಒಂಟಿಯಾಗಿ ಸಾಮಾನ್ಯವಾಗಿ ನಿಲ್ಲುವುದಿಲ್ಲ, ಇನ್ನೊಂದು ಕ್ರಿಯಾಪದದ ಮುಂದೆ ಬರುತ್ತದೆ. ಅದರ ರೂಪ ಮಾತ್ರ ಬದಲಾಗುವುದೇ ಇಲ್ಲ. ಐ ಮಸ್ಟ್ ಗೋ, ಹೀ ಮಸ್ಟ್ ಗೋ, ದೇ ಮಸ್ಟ್ ಗೋ, ಎಲ್ಲ ಒಂದೇ. ‘ಹೀ ಮಸ್ಟ್ ಗೋಸ್’ ತಪ್ಪು. ‘ಮಸ್ಟ್ ಟು ಗೋ’ ಕೂಡ ತಪ್ಪು, ಯಾಕೆಂದರೆ ಮಸ್ಟ್ ನಂತರ ‘ಟು’ ಬರುವುದಿಲ್ಲ. ‘ವಿಲ್ ಮಸ್ಟ್’ ಅನ್ನುವ ಜೋಡಿ ಇಲ್ಲ. ‘ಡೋಂಟ್ ಮಸ್ಟ್’ ಕೂಡ ಇಲ್ಲ.

ಜಾಸ್ತಿ ತೊಂದರೆ ಕೊಡುವುದು ಇನ್ನೊಂದು ಕೊರತೆ. ಮಸ್ಟ್‌ಗೆ ಭೂತಕಾಲದ ರೂಪ ಇಲ್ಲ. ಗೋ ಹೋಗಿ ವೆಂಟ್ ಆಗುತ್ತದೆ, ಕ್ಯಾನ್ ಹೋಗಿ ಕುಡ್ ಆಗುತ್ತದೆ. ಮಸ್ಟ್ ಮಾತ್ರ ಅಲ್ಲೇ ನಿಂತುಬಿಡುತ್ತದೆ. ಕಾರಣ ಅದರ ಹುಟ್ಟಿನಲ್ಲೇ ಇದೆ. ಹಳೆಯ ಇಂಗ್ಲಿಷಿನಲ್ಲಿ ‘ಅನುಮತಿ ಇದೆ, ಮಾಡಬಹುದು’ ಅನ್ನುವ ಅರ್ಥದ ಒಂದು ಕ್ರಿಯಾಪದ ಇತ್ತು. ಮಸ್ಟ್ ಅದರ ಭೂತಕಾಲದ ರೂಪ. ಕಾಲ ಕಳೆದಂತೆ ಮೂಲ ಪದ ಬಳಕೆಯಿಂದ ಬಿದ್ದುಹೋಯಿತು, ಅದರ ಭೂತಕಾಲವೇ ವರ್ತಮಾನದ ಕೆಲಸಕ್ಕೆ ನಿಂತಿತು. ಮೊದಲೇ ಭೂತಕಾಲವಾಗಿದ್ದ ಪದಕ್ಕೆ ಇನ್ನೊಂದು ಭೂತಕಾಲ ಎಲ್ಲಿಂದ ಬರಬೇಕು?

## ಹ್ಯಾವ್ ಟು: ನಮ್ಮ ‘ಮಾಡೋದಿದೆ’

ಮಸ್ಟ್ ಎಲ್ಲಿ ಕೈಕೊಡುತ್ತದೋ ಅಲ್ಲಿ ಹ್ಯಾವ್ ಟು ಬರುತ್ತದೆ. ಹ್ಯಾವ್ ಅಂದರೆ ‘ಇದೆ’ ಅಲ್ವಾ, ಅದು ಹೇಗೆ ‘ಬೇಕು’ ಆಯಿತು? ‘ಐ ಹ್ಯಾವ್ ಎ ಲೆಟರ್ ಟು ರೈಟ್’ ಅನ್ನುವ ವಾಕ್ಯ ನೋಡಿ. ‘ನನಗೆ ಬರೆಯೋಕೆ ಒಂದು ಪತ್ರ ಇದೆ.’ ಇದೇ ಬಗೆಯ ಮಾತಿನಿಂದ ‘ಐ ಹ್ಯಾವ್ ಟು ರೈಟ್ ಎ ಲೆಟರ್’ ಬೆಳೆದು ಬಂತು. ಬರೆಯೋಕೆ ಇದೆ ಅಂದರೆ ಬರೆಯಲೇಬೇಕು ಅಂತ ತಾನೇ? ಕನ್ನಡದಲ್ಲೂ ನಾವು ಹೀಗೇ ಹೇಳುತ್ತೇವೆ: ‘ನನಗೆ ಒಂದು ಪತ್ರ ಬರೆಯೋದಿದೆ’, ‘ತುಂಬ ಕೆಲಸ ಮಾಡೋದಿದೆ’. ಈ ‘ಮಾಡೋದಿದೆ’ ನೆನಪಿದ್ದರೆ ಹ್ಯಾವ್ ಟು ಹೊರಗಿನದು ಅನಿಸುವುದಿಲ್ಲ.

ಇದು ಮಾಮೂಲಿ ಕ್ರಿಯಾಪದದ ಹಾಗೆ ಬಗ್ಗುತ್ತದೆ. ಹೀ, ಶೀ ಬಂದರೆ ಹ್ಯಾಸ್ ಟು. ನಿನ್ನೆಗೆ ಹ್ಯಾಡ್ ಟು. ನಾಳೆಗೆ ವಿಲ್ ಹ್ಯಾವ್ ಟು. ಪ್ರಶ್ನೆ ಕೇಳಲು, ಇಲ್ಲ ಅನ್ನಲು ‘ಡೂ’ ಸಹಾಯ ಬೇಕು: ಡೂ ಯೂ ಹ್ಯಾವ್ ಟು ಗೋ? ಶೀ ಡಸಂಟ್ ಹ್ಯಾವ್ ಟು ಗೋ. ಡಸ್ ಬಂದ ಮೇಲೆ ಹ್ಯಾಸ್ ಬರುವುದಿಲ್ಲ, ‘ಡಸಂಟ್ ಹ್ಯಾಸ್ ಟು’ ತಪ್ಪು.

ಕಿವಿಗೊಂದು ಸೂಚನೆ. ಮಾತಿನಲ್ಲಿ ಹ್ಯಾವ್ ಟು ‘ಹ್ಯಾಫ್ಟು’ ಅಂತ, ಹ್ಯಾಸ್ ಟು ‘ಹ್ಯಾಸ್ಟು’ ಅಂತ ಒಂದೇ ಪದದ ಹಾಗೆ ಕೇಳಿಸುತ್ತದೆ. ಹ್ಯಾವ್ ಗಾಟ್ ಟು ‘ಗಾಟ’ ಆಗಿಬಿಡುತ್ತದೆ. ಬರೆಯುವಾಗ ಮಾತ್ರ ಪೂರ್ತಿ ಬರೆಯಿರಿ.

## ಒತ್ತಡ ಯಾರದು?

‘ಮಾಡು’ ಅಂತ ಯಾರು ದೂಡುತ್ತಿದ್ದಾರೆ ಅಂತ ಕೇಳಿಕೊಂಡರೆ ಮಸ್ಟ್ ಮತ್ತು ಹ್ಯಾವ್ ಟು ನಡುವಿನ ವ್ಯತ್ಯಾಸ ಕಾಣುತ್ತದೆ. ಮಾತಾಡುವವರ ಮನಸ್ಸೇ ದೂಡುತ್ತಿದ್ದರೆ ಮಸ್ಟ್ ಕಡೆಗೆ ವಾಲುತ್ತದೆ. ‘ಐ ಮಸ್ಟ್ ಕಾಲ್ ಮೈ ಮದರ್’ ಅಂದರೆ ಮಾಡಲೇಬೇಕು ಅಂತ ನನಗೇ ಅನಿಸಿದೆ. ನಿಯಮ, ವೇಳಾಪಟ್ಟಿ, ಇನ್ನೊಬ್ಬರ ಮಾತು ದೂಡುತ್ತಿದ್ದರೆ ಹ್ಯಾವ್ ಟು. ‘ಐ ಹ್ಯಾವ್ ಟು ವೇರ್ ಎ ಯೂನಿಫಾರ್ಮ್’ ಅಂದರೆ ಅದು ನನ್ನ ಆಯ್ಕೆ ಅಲ್ಲ, ಅಲ್ಲಿನ ನಿಯಮ.

ಕನ್ನಡದ ಕಿವಿಗೆ ಈ ವ್ಯತ್ಯಾಸ ಮೊದಲೇ ಗೊತ್ತು. ‘ನಾನು ಹೊರಡಬೇಕು’ ಅನ್ನುವುದಕ್ಕೂ ‘ನಾನು ಹೊರಡಬೇಕಾಗುತ್ತದೆ’ ಅನ್ನುವುದಕ್ಕೂ ಇರುವ ಅಂತರ ಕೇಳಿ ನೋಡಿ. ಎರಡನೆಯದರಲ್ಲಿ ಏನೋ ಹೊರಗಿನ ಕಾರಣ ಎಳೆಯುತ್ತಿದೆ ಅನಿಸುತ್ತದೆ ಅಲ್ವಾ? ಆ ‘ಬೇಕಾಗುತ್ತದೆ’ ಹ್ಯಾವ್ ಟುಗೆ ಹತ್ತಿರ. ‘ಹೊರಡಲೇಬೇಕು’ ಅನ್ನುವಲ್ಲಿರುವ ‘ಲೇ’ ಒತ್ತು ಮಸ್ಟ್‌ಗೆ ಹತ್ತಿರ.

ಇದು ಗೆರೆ ಕೊರೆದ ನಿಯಮ ಅಲ್ಲ. ಎಷ್ಟೋ ಕಡೆ ಎರಡೂ ನಡೆಯುತ್ತವೆ. ಲಿಖಿತ ಸೂಚನೆಗಳಲ್ಲಿ, ಬೋರ್ಡುಗಳಲ್ಲಿ ನಿಯಮಕ್ಕೂ ಮಸ್ಟ್ ಬರುತ್ತದೆ. ಆದರೆ ದಿನದ ಮಾತಿನಲ್ಲಿ ಕಡ್ಡಾಯ ಹೇಳಲು ಹ್ಯಾವ್ ಟು ಜಾಸ್ತಿ. ಮಸ್ಟ್ ಬಳಕೆ ಇಳಿಯುತ್ತಿರುವುದನ್ನು ಭಾಷಾಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದ್ದಾರೆ. ಜೆಫ್ರಿ ಲೀಚ್ ಮತ್ತು ಸಂಗಡಿಗರು 1961ರ ಬ್ರಿಟಿಷ್, ಅಮೆರಿಕನ್ ಬರಹಗಳ ಸಂಗ್ರಹವನ್ನು 1990ರ ದಶಕದ ಆರಂಭದ ಅಂಥದೇ ಸಂಗ್ರಹದ ಪಕ್ಕ ಇಟ್ಟು ನೋಡಿದರು. ಎರಡೂ ದೇಶಗಳ ಬರಹದಲ್ಲಿ ಮಸ್ಟ್ ಕಡಿಮೆಯಾಗಿತ್ತು. ಹಾಗಾಗಿ ಮಾತಿನಲ್ಲಿ ಯಾವುದು ಅಂತ ಅನುಮಾನ ಬಂದರೆ ಹ್ಯಾವ್ ಟು ಹಿಡಿಯಿರಿ, ಎಡವುವುದು ಕಡಿಮೆ.

## ‘ಬಾರದು’ ಬೇರೆ, ‘ಬೇಕಾಗಿಲ್ಲ’ ಬೇರೆ

ಈಗ ನನ್ನ ಮೇಲ್ ಕೆಟ್ಟ ಜಾಗಕ್ಕೆ ಬಂದೆವು. ಒಪ್ಪುವ ವಾಕ್ಯದಲ್ಲಿ ಮಸ್ಟ್ ಮತ್ತು ಹ್ಯಾವ್ ಟು ಅಕ್ಕಪಕ್ಕ ನಿಲ್ಲುತ್ತವೆ. ‘ಇಲ್ಲ’ ಸೇರಿಸಿದ ಕೂಡಲೇ ಎರಡೂ ಎದುರುಬದುರು ದಿಕ್ಕಿಗೆ ಹೋಗುತ್ತವೆ.

ಮಸ್ಟ್ ನಾಟ್ ಅಂದರೆ ಬಾಗಿಲಿಗೆ ಬೀಗ ಹಾಕಿದೆ, ಒಳಗೆ ಹೋಗುವ ಹಾಗಿಲ್ಲ. ಡೋಂಟ್ ಹ್ಯಾವ್ ಟು ಅಂದರೆ ಬಾಗಿಲು ತೆರೆದೇ ಇದೆ, ಹೋಗುವುದು ಬಿಡುವುದು ನಿಮ್ಮ ಇಷ್ಟ. ಮೊದಲನೆಯದು ನಿಷೇಧ. ಎರಡನೆಯದು ವಿನಾಯಿತಿ.

ಔಷಧಿಯ ಚೀಟಿ ಹಿಡಿದು ಓದಿ ನೋಡೋಣ. ‘ಯೂ ಮಸ್ಟ್ ನಾಟ್ ಟೇಕ್ ದಿಸ್ ವಿತ್ ಮಿಲ್ಕ್’ ಅಂತ ಇದ್ದರೆ ಹಾಲಿನ ಜೊತೆ ತಗೋಬಾರದು. ತಗೊಂಡರೆ ತೊಂದರೆ ಆಗಬಹುದು. ‘ಯೂ ಡೋಂಟ್ ಹ್ಯಾವ್ ಟು ಟೇಕ್ ದಿಸ್ ವಿತ್ ಮಿಲ್ಕ್’ ಅಂತ ಇದ್ದರೆ ಹಾಲಿನ ಜೊತೆಗೇ ತಗೋಬೇಕು ಅಂತೇನಿಲ್ಲ. ಹಾಲಿನ ಜೊತೆಯೂ ಆಗುತ್ತದೆ, ನೀರಿನ ಜೊತೆಯೂ ಆಗುತ್ತದೆ. ಹಾಲು ಅದೇ, ಮಾತ್ರೆ ಅದೇ. ನಡುವಿನ ಎರಡು ಮೂರು ಪದ ಬದಲಾದರೆ ಒಂದು ಎಚ್ಚರಿಕೆ, ಇನ್ನೊಂದು ಸಮಾಧಾನ.

ಕನ್ನಡದಲ್ಲಿ ನಾವು ಇದರಲ್ಲಿ ತಪ್ಪುವುದೇ ಇಲ್ಲ. ‘ತಗೋಬಾರದು’ ಮತ್ತು ‘ತಗೋಬೇಕಾಗಿಲ್ಲ’ ಎರಡನ್ನೂ ಒಂದೇ ಅಂತ ಚಿಕ್ಕ ಮಗುವೂ ಅಂದುಕೊಳ್ಳುವುದಿಲ್ಲ. ಹಾಗಿದ್ದರೆ ಇಂಗ್ಲಿಷಿನಲ್ಲಿ ಯಾಕೆ ತಪ್ಪುತ್ತದೆ? ನಾವು ಪದಗಳನ್ನು ಬಿಡಿಬಿಡಿಯಾಗಿ ಕೂಡಿಸುತ್ತೇವೆ. ಮಸ್ಟ್ ಅಂದರೆ ‘ಬೇಕು’, ನಾಟ್ ಅಂದರೆ ‘ಇಲ್ಲ’, ಸೇರಿಸಿದರೆ ‘ಬೇಕಿಲ್ಲ’. ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಇಂಗ್ಲಿಷಿನಲ್ಲಿ ಆ ನಾಟ್ ‘ಬೇಕು’ ಅನ್ನುವುದನ್ನು ಅಳಿಸುವುದಿಲ್ಲ, ಅದರ ಮುಂದಿನ ಕೆಲಸವನ್ನು ಅಳಿಸುತ್ತದೆ. ‘ಮಸ್ಟ್ + ನಾಟ್ ಕಮ್’ ಅಂತ ಓದಬೇಕು: ‘ಬರದೆ ಇರಬೇಕು’. ಬರದೆ ಇರುವುದು ಕಡ್ಡಾಯ, ಅಂದರೆ ಬರಬಾರದು. ಹ್ಯಾವ್ ಟು ವಿಷಯದಲ್ಲಿ ಡೋಂಟ್ ಮೊದಲೇ ಬಂದು ಕೂರುತ್ತದೆ. ಅದು ಕಡ್ಡಾಯವನ್ನೇ ಅಳಿಸುತ್ತದೆ.

ಆದ್ದರಿಂದ ‘ಇಲ್ಲ’ ಇರುವ ವಾಕ್ಯ ಬರೆಯುವಾಗ ಮನಸ್ಸಿನಲ್ಲಿ ಕನ್ನಡ ವಾಕ್ಯವನ್ನು ಪೂರ್ತಿ ಹೇಳಿಕೊಳ್ಳಿ. ಅದು ‘ಬಾರದು’, ‘ಕೂಡದು’ ಅಂತ ಮುಗಿದರೆ ಮಸ್ಟ್ ನಾಟ್. ‘ಬೇಕಾಗಿಲ್ಲ’, ‘ಬೇಕಂತೇನಿಲ್ಲ’ ಅಂತ ಮುಗಿದರೆ ಡೋಂಟ್ ಹ್ಯಾವ್ ಟು. ಡೋಂಟ್ ನೀಡ್ ಟು ಕೂಡ ಸರಿ. ನಾನು ಬರೆಯಬೇಕಾಗಿದ್ದದ್ದು: “ಯೂ ಡೋಂಟ್ ಹ್ಯಾವ್ ಟು ಕಮ್ ಟುಮಾರೋ.”

ನೀಡ್ ಬಗ್ಗೆ ಇಲ್ಲೇ ಒಂದು ಮಾತು. ಅದಕ್ಕೆ ಎರಡು ವೇಷ. ‘ಹೀ ನೀಡ್ಸ್ ಟು ಗೋ’ ಅನ್ನುವಾಗ ಮಾಮೂಲಿ ಕ್ರಿಯಾಪದ: ‘ಸ್’ ಬರುತ್ತದೆ, ‘ಟು’ ಬರುತ್ತದೆ. ‘ಹೀ ನೀಡ್ ನಾಟ್ ಗೋ’ ಅನ್ನುವಾಗ ಮಸ್ಟ್‌ನ ಜಾತಿಗೆ ಸೇರುತ್ತದೆ: ಎರಡೂ ಬರುವುದಿಲ್ಲ. ಎರಡನ್ನೂ ಕಲಸಿ ‘ನೀಡ್ ನಾಟ್ ಟು ಗೋ’ ಅಂತ ಬರೆಯುವುದು ತುಂಬ ಕಾಣುವ ತಪ್ಪು.

## ಸಲಹೆಯಿಂದ ಎಚ್ಚರಿಕೆವರೆಗೆ

ಶುಡ್ ಮೃದು. ‘ಯೂ ಶುಡ್ ಸೀ ಎ ಡಾಕ್ಟರ್’ ಅಂದರೆ ‘ಡಾಕ್ಟರಿಗೆ ತೋರಿಸಿಕೊಂಡರೆ ಒಳ್ಳೆಯದು’. ಕೇಳುವುದು ಬಿಡುವುದು ನಿಮಗೆ ಬಿಟ್ಟದ್ದು. ಆಟ್ ಟು ಅರ್ಥವೂ ಹೆಚ್ಚು ಕಡಿಮೆ ಇದೇ, ‘ಧರ್ಮ, ನ್ಯಾಯ’ ಅನ್ನುವ ಒಂದು ಎಳೆ ಸ್ವಲ್ಪ ಜಾಸ್ತಿ. ಅದಕ್ಕೂ ಕಾರಣ ಇದೆ. ಆಟ್ (ought) ಅನ್ನುವುದು ‘ಓ’ (owe), ಅಂದರೆ ‘ಸಾಲ ತೀರಿಸಬೇಕಾಗಿರು’ ಅನ್ನುವ ಅರ್ಥದ ಕ್ರಿಯಾಪದದ ಹಳೆಯ ಭೂತಕಾಲ. ಶುಡ್ ಹುಟ್ಟಿದ್ದು ಶಲ್‌ನಿಂದ, ಶಲ್‌ನ ಮೂಲದಲ್ಲೂ ಸಾಲದ ಅರ್ಥವೇ ಇತ್ತು. ನಾವು ಋಣ ಅನ್ನುತ್ತೇವಲ್ಲ, ಅದೇ ಭಾವ. ಆಟ್ ಜೊತೆ ‘ಟು’ ಬೇಕು, ಶುಡ್ ಜೊತೆ ಬೇಡ.

ಹ್ಯಾಡ್ ಬೆಟರ್ ನೋಡೋಕೆ ಮೃದು, ಒಳಗೆ ಬಿಗಿ. ಹ್ಯಾಡ್ ಇದ್ದರೂ ಅದು ಭೂತಕಾಲ ಅಲ್ಲ, ಈಗಿನ ಮಾತು. ‘ಯೂ ಹ್ಯಾಡ್ ಬೆಟರ್ ಲೀವ್ ನೌ’ ಅಂದರೆ ‘ನೀವೀಗ ಹೊರಡೋದು ವಾಸಿ’. ‘ಇಲ್ಲದಿದ್ದರೆ ಕಷ್ಟ’ ಅನ್ನುವ ಬಾಲ ಬಾಯಿಬಿಟ್ಟು ಹೇಳದಿದ್ದರೂ ಅಲ್ಲಿ ಇರುತ್ತದೆ. ಬೆದರಿಕೆಯ ಹಾಗೆ ಕೇಳಿಸಬಹುದಾದ್ದರಿಂದ ಹಿರಿಯರಿಗೆ, ಮೇಲಧಿಕಾರಿಗೆ ಇದನ್ನು ಬರೆಯಬೇಡಿ. ಬೆಟರ್ ಅಂದರೆ ‘ಹೆಚ್ಚು ಒಳ್ಳೆಯದು’ ಅಂತ ನಂಬಿ ವಿನಯಕ್ಕೆಂದೇ ಬಳಸುವವರನ್ನು ನಾನು ನೋಡಿದ್ದೇನೆ. ಆ ಜಾಗಕ್ಕೆ ಶುಡ್ ಸಾಕು.

ಬಿ ಸಪೋಸ್ಡ್ ಟು ಅಂದರೆ ಹಾಗೆ ಆಗಬೇಕು ಅಂತ ನಿರೀಕ್ಷೆ ಇದೆ. ‘ಶೀ ಇಸ್ ಸಪೋಸ್ಡ್ ಟು ಬಿ ಹಿಯರ್ ಅಟ್ ನೈನ್’ ಅಂದರೆ ಒಂಬತ್ತಕ್ಕೆ ಇಲ್ಲಿ ಇರಬೇಕು, ಆದರೆ ಇನ್ನೂ ಕಾಣುತ್ತಿಲ್ಲವಲ್ಲ ಅನ್ನುವ ಅನುಮಾನವೂ ಅಲ್ಲೇ ಸೇರಿರಬಹುದು. ಮಾತಿನಲ್ಲಿ ‘ಸಪೋಸ್ಟು’ ಅಂತ ಕೇಳಿಸುವುದರಿಂದ ಬರೆಯುವಾಗ ಕೊನೆಯ ‘ಡಿ’ ಅಕ್ಷರ ಬಿಟ್ಟುಹೋಗುತ್ತದೆ. ಅದು ಬೇಕೇ ಬೇಕು.

## ನಿನ್ನೆಯ ‘ಬೇಕು’

ಭೂತಕಾಲಕ್ಕೆ ಬಂದಾಗ ನಮ್ಮ ಭಾಷೆ ಎಷ್ಟು ನಿಖರ ಅನ್ನುವುದು ಗೊತ್ತಾಗುತ್ತದೆ. ಈ ಮೂರು ವಾಕ್ಯಗಳನ್ನು ನಿಧಾನವಾಗಿ ಓದಿ.

‘ನಾನು ಹೋಗಬೇಕಾಯಿತು.’ ‘ನಾನು ಹೋಗಬೇಕಿತ್ತು.’ ‘ಅವರು ಹೋಗಿರಬೇಕು.’

ಮೊದಲನೆಯದರಲ್ಲಿ ಹೋಗಿದ್ದೇನೆ, ಇಷ್ಟ ಇತ್ತೋ ಇಲ್ಲವೋ. ಇದು ‘ಐ ಹ್ಯಾಡ್ ಟು ಗೋ’. ಎರಡನೆಯದರಲ್ಲಿ ಸಾಮಾನ್ಯವಾಗಿ ಹೋಗಿಲ್ಲ, ಹೋಗಿದ್ದರೆ ಚೆನ್ನಾಗಿತ್ತು ಅನ್ನುವ ನೋವು ಇದೆ. ಇದು ‘ಐ ಶುಡ್ ಹ್ಯಾವ್ ಗಾನ್’. ಮೂರನೆಯದು ಬರೀ ಊಹೆ. ಕುರ್ಚಿ ಖಾಲಿ ಇದೆ, ಬ್ಯಾಗ್ ಇಲ್ಲ, ಹಾಗಾದರೆ ಹೋಗಿರಬೇಕು. ಇದು ‘ದೇ ಮಸ್ಟ್ ಹ್ಯಾವ್ ಗಾನ್’.

ಬಹಳ ಜನ ಎಡವುವುದು ಎರಡು ಮತ್ತು ಮೂರರ ನಡುವೆ. ‘ನಿನ್ನೆ ನಾನು ಹೋಗಬೇಕಿತ್ತು’ ಅಂತ ಹೇಳಲು ಹೊರಟು ‘ಐ ಮಸ್ಟ್ ಹ್ಯಾವ್ ಗಾನ್ ಯೆಸ್ಟರ್ಡೇ’ ಅನ್ನುತ್ತಾರೆ. ಕೇಳುವವರಿಗೆ ಅದು ‘ನಿನ್ನೆ ನಾನು ಹೋಗಿರಬೇಕು, ಸರಿಯಾಗಿ ನೆನಪಿಲ್ಲ’ ಅಂತ ಕೇಳಿಸುತ್ತದೆ. ಪಶ್ಚಾತ್ತಾಪ ಹೇಳಲು ಹೋಗಿ ಮರೆವು ಹೇಳಿದಂತಾಯಿತು. ಮಸ್ಟ್ ಹ್ಯಾವ್ ಅನ್ನು ಊಹೆಗೆ ಮಾತ್ರ ಇಟ್ಟುಕೊಳ್ಳಿ.

ಊಹೆಯ ವಿಷಯಕ್ಕೆ ಬಂದರೆ ಎರಡು ಭಾಷೆಗಳೂ ಒಂದೇ ದಾರಿ ಹಿಡಿದಿವೆ. ಕಡ್ಡಾಯದ ಪದವನ್ನೇ ಗಟ್ಟಿ ಊಹೆಗೂ ಬಳಸುತ್ತವೆ. ‘ಇರಬೇಕು’ ಮತ್ತು ‘ಮಸ್ಟ್ ಬಿ’ ಸರಿಯಾಗಿ ಹೊಂದುತ್ತವೆ. ಆದರೆ ‘ಮನೆಯಲ್ಲಿ ಇರೋಕೆ ಸಾಧ್ಯವೇ ಇಲ್ಲ’ ಅನ್ನುವ ಊಹೆಗೆ ಸಾಮಾನ್ಯವಾಗಿ ಮಸ್ಟ್ ನಾಟ್ ಅಲ್ಲ, ‘ಹೀ ಕಾಂಟ್ ಬಿ ಅಟ್ ಹೋಮ್’ ಅನ್ನಬೇಕು.

ನಿನ್ನೆಯ ‘ಬಾರದು’ ಕೂಡ ಎರಡು ದಾರಿಯಾಗುತ್ತದೆ. ನಿಯಮ ತಡೆದಿತ್ತು ಅಂತಾದರೆ ‘ವಿ ವರ್ ನಾಟ್ ಅಲೌಡ್ ಟು ಗೋ’, ನಮ್ಮನ್ನು ಹೋಗಲು ಬಿಡಲಿಲ್ಲ. ಹೋಗಿ ತಪ್ಪು ಮಾಡಿದೆವು ಅಂತಾದರೆ ‘ವಿ ಶುಡಂಟ್ ಹ್ಯಾವ್ ಗಾನ್’, ಹೋಗಬಾರದಿತ್ತು.

ಒಂದು ಸೂಕ್ಷ್ಮ ನನಗೆ ತುಂಬ ಇಷ್ಟ. ಯಾರೋ ನಿಮಗಾಗಿ ಹೂಗುಚ್ಛ ತಂದರು ಅಂದುಕೊಳ್ಳಿ. ‘ಅಯ್ಯೋ, ಇದೆಲ್ಲ ತರಬೇಕಾಗಿರಲಿಲ್ಲ’ ಅನ್ನುತ್ತೇವೆ. ತಂದಿದ್ದಾರೆ, ಆದರೆ ಅಗತ್ಯ ಇರಲಿಲ್ಲ. ಇಂಗ್ಲಿಷಿನಲ್ಲಿ ಇದು ‘ಯೂ ನೀಡಂಟ್ ಹ್ಯಾವ್ ಬ್ರಾಟ್ ದೀಸ್’. ‘ಯೂ ಡಿಡಂಟ್ ಹ್ಯಾವ್ ಟು ಬ್ರಿಂಗ್ ದೀಸ್’ ಕೂಡ ನಡೆಯುತ್ತದೆ, ಆದರೆ ತಂದರೋ ಇಲ್ಲವೋ ಅನ್ನುವುದನ್ನು ಆ ವಾಕ್ಯ ತಾನಾಗಿ ಹೇಳುವುದಿಲ್ಲ. ನೀಡಂಟ್ ಹ್ಯಾವ್ ಹೇಳಿಬಿಡುತ್ತದೆ: ತಂದಾಗಿದೆ.

## ಕರಾರು ಪತ್ರದಲ್ಲಿ ‘ಶಲ್’

ಒಪ್ಪಂದ, ಕಾನೂನು ಪತ್ರ ಓದುವಾಗ ಇನ್ನೊಂದು ಪದ ಎದುರಾಗುತ್ತದೆ. ‘ದ ಟೆನಂಟ್ ಶಲ್ ಪೇ ದ ರೆಂಟ್.’ ಶಾಲೆಯಲ್ಲಿ ಶಲ್ ಅಂದರೆ ಭವಿಷ್ಯತ್ ಕಾಲ ಅಂತ ಕಲಿತಿರುತ್ತೇವೆ. ಇಲ್ಲಿ ಅದು ‘ಕಟ್ಟುತ್ತಾರೆ’ ಅಲ್ಲ, ‘ಕಟ್ಟತಕ್ಕದ್ದು’. ನಮ್ಮ ಹಳೆಯ ಪತ್ರಗಳ ‘ತಕ್ಕದ್ದು’ ಇದಕ್ಕೆ ಸರಿಯಾದ ಜೋಡಿ. ಶಲ್‌ಗೆ ಹಲವು ಅರ್ಥ ಇರುವುದರಿಂದ ಜಗಳಕ್ಕೆ ದಾರಿಯಾಗುತ್ತದೆ ಅಂತ ಈಗ ಅನೇಕರು ಅದನ್ನು ಬಿಟ್ಟು ಮಸ್ಟ್ ಬರೆಯುತ್ತಾರೆ. ಅಮೆರಿಕದ ಫೆಡರಲ್ ಕೋರ್ಟುಗಳ ಸಿವಿಲ್ ವಿಚಾರಣಾ ನಿಯಮಗಳನ್ನು 2007ರಲ್ಲಿ ತಿದ್ದಿ ಬರೆದಾಗ ಶಲ್ ಅನ್ನು ತೆಗೆದು, ಸಂದರ್ಭಕ್ಕೆ ತಕ್ಕಂತೆ ಮಸ್ಟ್, ಮೇ, ಶುಡ್ ಹಾಕಿದರು.

ಇಂಟರ್ನೆಟ್ ಕಟ್ಟುವ ಎಂಜಿನಿಯರುಗಳಿಗೂ ಇದೇ ಚಿಂತೆ ಬಂದಿತ್ತು. 1997ರ ಮಾರ್ಚ್‌ನಲ್ಲಿ ಬಂದ ಆರ್‌ಎಫ್‌ಸಿ 2119 ಅನ್ನುವ ಪುಟ್ಟ ದಾಖಲೆ ಇರುವುದೇ ಈ ಪದಗಳ ಅರ್ಥ ಕಟ್ಟಿಹಾಕಲು. ಅದರಲ್ಲಿ ಮಸ್ಟ್ ಮತ್ತು ಶಲ್ ಎರಡೂ ಪೂರ್ತಿ ಕಡ್ಡಾಯ. ಶುಡ್ ಅಂದರೆ ತಕ್ಕ ಕಾರಣ ಇದ್ದರೆ ಬಿಡಬಹುದು, ಆದರೆ ಪರಿಣಾಮವನ್ನು ಪೂರ್ತಿ ಯೋಚಿಸಿ ಬಿಡಬೇಕು. ಮೇ ಅಂದರೆ ಇಷ್ಟ ಇದ್ದರೆ ಮಾಡಿ. ಮನೆಗೆ ಬಂದ ಯಾವುದೇ ಇಂಗ್ಲಿಷ್ ಕರಾರನ್ನು ಓದುವಾಗಲೂ ಸಹಿಗೆ ಮೊದಲು ಮಸ್ಟ್, ಶಲ್, ಶುಡ್, ಮೇ ಇರುವ ಜಾಗಗಳಿಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ನೀವು ಏನೇನು ಒಪ್ಪಿಕೊಳ್ಳುತ್ತಿದ್ದೀರಿ ಅನ್ನುವುದು ಅಲ್ಲೇ ಇರುತ್ತದೆ.

## ಸರಿ ಇದ್ದರೂ ಒರಟು

ಕೊನೆಯದಾಗಿ ಧಾಟಿಯ ವಿಷಯ. ಕನ್ನಡದಲ್ಲಿ ‘ಬೇಕು’ ವಿನಯಕ್ಕೂ ಬರುತ್ತದೆ. ‘ತಾವು ಸಂಜೆಯೊಳಗೆ ವರದಿ ಕಳಿಸಿಕೊಡಬೇಕು’ ಅಂತ ಕೈಮುಗಿದು ಕೇಳಬಹುದು. ಅದನ್ನೇ ‘ಯೂ ಮಸ್ಟ್ ಸೆಂಡ್ ದ ರಿಪೋರ್ಟ್ ಬೈ ಈವ್ನಿಂಗ್’ ಅಂತ ಬರೆದರೆ ಮುಗಿದ ಕೈ ಕಾಣುವುದಿಲ್ಲ, ಎತ್ತಿದ ಬೆರಳು ಕಾಣುತ್ತದೆ. ‘ಪ್ಲೀಸ್’ ಸೇರಿಸಿದರೂ ಆದೇಶ ಆದೇಶವೇ. ಪ್ರಶ್ನೆಯಾಗಿ ಕೇಳಿ: ‘ಕುಡ್ ಯೂ ಪ್ಲೀಸ್ ಸೆಂಡ್ ದ ರಿಪೋರ್ಟ್ ಬೈ ಈವ್ನಿಂಗ್?’ ನಿಯಮವೇ ಕಾರಣ ಆಗಿದ್ದರೆ ಅದನ್ನೂ ಹೇಳಿ: ‘ವಿ ಹ್ಯಾವ್ ಟು ಸಬ್ಮಿಟ್ ಇಟ್ ಟುನೈಟ್.’ ಆಗ ಒತ್ತಡ ನಿಮ್ಮದಲ್ಲ, ಗಡುವಿನದು ಅಂತ ಅವರಿಗೆ ತಿಳಿಯುತ್ತದೆ.

ಮಸ್ಟ್ ಬೆಚ್ಚಗೆ ಕೇಳಿಸುವ ಜಾಗವೂ ಇದೆ. ಮಾಡುವ ಕೆಲಸದಿಂದ ಕೇಳುವವರಿಗೇ ಖುಷಿ ಸಿಗುವುದಾದರೆ ಅದು ಆದೇಶ ಆಗುವುದಿಲ್ಲ, ಒತ್ತಾಯದ ಪ್ರೀತಿ ಆಗುತ್ತದೆ. ‘ಯೂ ಮಸ್ಟ್ ಕಮ್ ಅಂಡ್ ಸ್ಟೇ ವಿತ್ ಅಸ್’ ಅಂತ ಯಾರಾದರೂ ಬರೆದರೆ ಗಾಬರಿ ಬೇಡ. ಅದು ನಮ್ಮ ‘ನೀವು ಬರಲೇಬೇಕು, ನಮ್ಮ ಜೊತೆ ನಾಲ್ಕು ದಿನ ಇರಲೇಬೇಕು’ ಅನ್ನುವುದೇ.